ಎಸರಿಟ್ಟವಳ ಮೇಲೆ ಹಾಡಿದ ಹಾಡು

ಅಕ್ಕಾ,

ನಾನು ರತ್ನ, ನಿನ್ನ ತಂಗಿ. ಜೂಜುವಾಡಿಯ ಹೊಲಿಗೆ ಅಂಗಡಿಯಲ್ಲಿ ಕರೆಂಟು ಹೋಗಿದೆ, ಮಧ್ಯಾಹ್ನದ ಹೊತ್ತು, ಅದಕ್ಕೇ ಬರೆಯಲು ಕೂತೆ. ಹೊರಗೆ ಗಡಿ ದಾಟುವ ಲಾರಿಗಳ ಹಾರ್ನು ನಿಂತಿಲ್ಲ. ನನಗೆ ಸಾಕಾಗಿದೆ ಅಕ್ಕ. ಎರಡು ವರ್ಷದಿಂದ ಕೃಷ್ಣಗಿರಿಯ ಕೋರ್ಟಿಗೆ ಅಲೆದು ಅಲೆದು ಚಪ್ಪಲಿಯ ಜೊತೆ ಕಾಲೂ ಸವೆದಿದೆ. ಭಾವನೇ ನಿನ್ನನ್ನು ಕೊಂದ ಅನ್ನುವುದು ನಿನಗೆ ಗೊತ್ತು, ನನಗೂ ಗೊತ್ತು. ಅವನು ಮಾತ್ರ ನೀನಾಗಿ ಬಾವಿಗೆ ಬಿದ್ದೆ ಅನ್ನುತ್ತಾನೆ. ಅದಕ್ಕೆ ಅವನು ತೋರಿಸುತ್ತಿರುವ ಸಾಕ್ಷಿ ಯಾವುದು ಅಂತೀಯ? ನಿನ್ನ ಹೆಣದ ಮುಂದೆ ಕೂತು ನಾನು ಹಾಡಿದ ಹಾಡು.

ನಾಟ್ರಾಂಪಾಳ್ಯದ ಆ ಜಿಪುಣ ಯಜಮಾನ ಸತ್ತ ದಿನ ನೆನಪಿದೆಯಾ? ಬಾಗಿಲಿಗೆ ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟವನಲ್ಲ. ನೀನು ಅವನ ತಲೆಯ ಹತ್ತಿರ ಕೂತು, ಕರೆಕರೆದು ಉಣ್ಣಿಸಿದ ಧಣಿಯೇ ಅಂತ ರಾಗ ಎಳೆದೆ, ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿದೆ. ನಾನು ನಗು ತಡೆಯಲಾರದೆ ಮುಖ ಮುಚ್ಚಿಕೊಂಡೆ. ಹುಡುಗಿಗೆ ಎಷ್ಟು ಕರುಳು ಅಂತ ಹೆಂಗಸರೆಲ್ಲ ನನ್ನ ಬೆನ್ನು ಸವರಿದರು. ವಾಪಸು ಬರುವಾಗ ದಾರಿಯಲ್ಲಿ ನೀನು ಪಾಠ ಹೇಳಿದೆ.

"ಸತ್ತೋರ್ನ ಮೊದ್ಲು ಬೈಬೇಕು ಕಣೇ. ಹೇಳ್ದೆ ಕೇಳ್ದೆ ಬುಟ್ಟೋದ್ಯಲ್ಲಾ ಅಂತ ಜಗಳಕ್ಕೆ ಬೀಳ್ಬೇಕು. ಹೊಗಳೋದು ಆಮ್ಯಾಕೆ. ಮೊದ್ಲೇ ಹೊಗಳ್ಬುಟ್ರೆ ಯಾರ್ಗೂ ಅಳು ಬರಾಕಿಲ್ಲ."

ನೀನು ಹೇಳಿದ್ದನ್ನು ನಾನು ಯಾವತ್ತು ಮೀರಿದ್ದೆ? ಅಂಚೆಟ್ಟಿ ಸುತ್ತಿನ ಸಾವಿನ ಮನೆಗಳಲ್ಲಿ ನೀನು ಒಂದು ಸಾಲು ಹಾಡಿದರೆ ನಾನು ಮುಂದಿನ ಸಾಲು ಎತ್ತುತ್ತಿದ್ದೆ. ನಮ್ಮಿಬ್ಬರನ್ನು ಕರೆಸದೆ ಹೆಣ ಎತ್ತುತ್ತಿರಲಿಲ್ಲ.

ಕೊನೆಯ ದೀಪಾವಳಿಗೆ ನೀನು ನನ್ನ ಮನೆಗೆ ಬಂದಾಗ ತುಟಿ ಒಡೆದಿತ್ತು. ಬಾಗಿಲು ತಗುಲಿತು ಅಂದೆ. ನಾನು ನಂಬಿದವಳ ಹಾಗೆ ಒಬ್ಬಟ್ಟು ಬಡಿಸಿದೆ. ಅವತ್ತೇ ನಿನ್ನ ಕೈ ಹಿಡಿದು, ಇನ್ನು ಆ ಮನೆಗೆ ಹೋಗಬೇಡ ಅಂತ ಒಂದು ಮಾತು... ಬಿಡು. ಅದನ್ನು ಬರೆಯಲು ಕೂತರೆ ಕಾಗದ ಸಾಲುವುದಿಲ್ಲ.

ಊರಿಂದ ಫೋನು ಬಂದಾಗ ನಾನು ಯಾರದೋ ಮದುವೆ ರವಿಕೆಗೆ ಗುಂಡಿ ಹಾಕುತ್ತಿದ್ದೆ. "ನಿಮ್ಮಕ್ಕ ಬಾವೀಗ್ ಬಿದ್ಬುಟ್ಟವ್ಳೆ, ಬಿರ್‍ನೆ ಬಾ" ಅಂದರು. ಹೊಸೂರಿಗೆ ಒಂದು ಬಸ್ಸು, ಅಂಚೆಟ್ಟಿಗೆ ಒಂದು, ಅಲ್ಲಿಂದ ಊರಿಗೆ ಬಸ್ಸಿಲ್ಲ, ನಡೆದೆ. ಮಾರನೆಯ ದಿನ ಆಸ್ಪತ್ರೆಯವರು ನಿನ್ನನ್ನು ಕುಯ್ದು, ಹೊಲಿದು, ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮುಖ ಮಾತ್ರ ಕಾಣುತ್ತಿತ್ತು. ಹೆಂಗಸರೆಲ್ಲ ನನ್ನ ಬಾಯಿ ನೋಡುತ್ತಾ ಕೂತಿದ್ದರು. ನನ್ನ ಬುದ್ಧಿ ಕಲ್ಲಾಗಿತ್ತು, ಆದರೆ ನಾಲಿಗೆಗೆ ರೂಢಿ ಇತ್ತಲ್ಲ, ಅದು ತಾನಾಗಿ ಹಾಡಿತು.

ಹೇಳ್ದೆ ಕೇಳ್ದೆ ಎದ್ದೋದ್ಯಲ್ಲೇ ನಮ್ಮಕ್ಕ,
ನಿನ್ನ ಕಾಲಾಗೆ ನೀನೇ ನಡ್ದೋದ್ಯಲ್ಲೇ.
ನಾವೇನ್ ತಪ್ಪು ಮಾಡಿದ್ದೋ ನಮ್ಮಕ್ಕ,
ನಮ್ಮುನ್ನೆಲ್ಲ ಬ್ಯಾಡ ಅಂದೋದ್ಯಲ್ಲೇ.

ಭಾವನ ತಮ್ಮ ಇದನ್ನೆಲ್ಲ ಮೊಬೈಲಿನಲ್ಲಿ ತೆಗೆದುಕೊಂಡ. ಯಾರೋ ದೂರದ ನೆಂಟರಿಗೆ ಕಳಿಸಲು ಅಂದುಕೊಂಡೆ.

ನಿನ್ನನ್ನು ಎತ್ತಿಕೊಂಡು ಹೋದ ಮೇಲೆ ಮನೆ ತೊಳೆಯಲು ಒಳಗೆ ಹೋದೆ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು, ಹಾಗಾಗಿ ಅಡುಗೆಮನೆಗೆ ಎರಡು ದಿನದಿಂದ ಯಾರೂ ಕಾಲಿಟ್ಟಿರಲಿಲ್ಲ. ಒಲೆಯ ಮೇಲೆ ನೀನು ಮುದ್ದೆಗೆ ಇಟ್ಟ ಎಸರು ಬತ್ತಿ, ಪಾತ್ರೆಯ ತಳ ಸುಟ್ಟು ಕಪ್ಪಗಾಗಿತ್ತು. ಪಕ್ಕದಲ್ಲಿ ಮೊರದ ತುಂಬ ರಾಗಿ ಹಿಟ್ಟು, ಅದರಲ್ಲಿ ನಿನ್ನ ಬೆರಳಿನ ಗುರುತು. ಸಾಯಲು ಹೊರಟವಳು ಗಂಡನಿಗೆ ಮುದ್ದೆಗೆ ಎಸರಿಡುತ್ತಾಳಾ?

ಪೊಲೀಸರಿಗೆ ನಾನೇ ಹೇಳಿದೆ. ತಲೆಗೆ ಬಿದ್ದ ಪೆಟ್ಟು ನೀರಿಗೆ ಬೀಳುವ ಮುಂಚಿನದು ಅಂತ ಡಾಕ್ಟರೂ ಬರೆದರು. ಭಾವನನ್ನು ಹಿಡಿದುಕೊಂಡು ಹೋದರು. ಆಮೇಲೆ ಶುರುವಾಯಿತು ನೋಡು. ಚಿಕ್ಕಪ್ಪ ಅಂಗಡಿಯವರೆಗೂ ಬಂದ.

"ಹೋದೋಳು ಹೋಗ್ಬುಟ್ಲು, ಕೇಸು ಗೀಸು ಅಂತ ಊರ್ ಮರ್ವಾದಿ ಯಾಕ್ ಕಳೀತೀಯ? ಅವ್ಳೇ ನಡ್ದೋದ್ಲು ಅಂತ ನೀನೇ ಅಲ್ವೇ ಹಾಡ್ದೋಳು?" ಅಂದ.

"ಅದು ಹಾಡು ಚಿಕ್ಕಪ್ಪ."

"ಹಾಡೋ ಪಾಡೋ. ಊರೆಲ್ಲ ಕೇಳಿಸ್ಕೊಂಡೈತೆ."

ಅವತ್ತಿನಿಂದ ನಾನು ಹಾಡುವುದನ್ನೇ ಬಿಟ್ಟೆ. ಸಾವಿನ ಮನೆಗೆ ಕರೆದರೆ ಮೈ ಸರಿಯಿಲ್ಲ ಅನ್ನುತ್ತಿದ್ದೆ. ನೀನು ಕಲಿಸಿದ ಹಾಡೇ ನಿನಗೆ ಮಣ್ಣು ಹಾಕಿತಲ್ಲ ಅಂತ ನಿನ್ನ ಮೇಲೂ ಸಿಟ್ಟು ಬಂತು. ಸುಳ್ಳೇಕೆ ಹೇಳಲಿ?

ಹೋದ ಸೋಮವಾರ ನನ್ನನ್ನು ಸಾಕ್ಷಿ ಕಟ್ಟೆಗೆ ಕರೆದರು. ಭಾವನ ಲಾಯರು ಆ ವಿಡಿಯೋ ಹಾಕಿದರು. ನಿನ್ನ ಮುಖ, ನನ್ನ ಅಳು, ಕೋರ್ಟಿನ ತುಂಬ. "ನೀಂಗ ಪಾಡಿನದುದಾನೇ?" ಅಂತ ತಮಿಳಿನಲ್ಲಿ ಕೇಳಿದರು, ನೀವು ಹಾಡಿದ್ದು ತಾನೇ ಅಂತ. ಹೌದು, ನಾನೇ ಹಾಡಿದ್ದು ಅಂದೆ. ತನ್ನ ಕಾಲಲ್ಲಿ ತಾನೇ ಹೋದಳು ಅಂತ ಅದರ ಅರ್ಥ ತಾನೇ ಅಂದರು. ಅದಕ್ಕೂ ಹೌದು ಅಂದೆ. ಭಾವ ತಲೆ ಎತ್ತಿ ನನ್ನನ್ನು ನೋಡಿದ. ಎಷ್ಟು ನಿರಾಳವಾಗಿದ್ದ ಗೊತ್ತಾ ಅಕ್ಕ?

ಜಡ್ಜಮ್ಮ ಒಬ್ಬರೇ ಕನ್ನಡಕ ತೆಗೆದು, ಇದನ್ನು ಎಲ್ಲರಿಗೂ ಹೀಗೇ ಹಾಡುತ್ತೀರಾ ಅಂತ ಕೇಳಿದರು. ಆಗ ನನಗೆ ನಮ್ಮಜ್ಜಿ ನೆನಪಾದಳು. ನನಗೆ ಬಂದ ತಮಿಳಿನಲ್ಲಿ ಹೇಳಿದೆ: ಅಮ್ಮ, ನಮ್ಮಜ್ಜಿಗೆ ಮೂರು ವರ್ಷದಿಂದ ಎರಡು ಕಾಲೂ ಬಿದ್ದುಹೋಗಿದ್ದವು. ಎತ್ತಿ ಕೂರಿಸಬೇಕಿತ್ತು, ಎತ್ತಿ ಮಲಗಿಸಬೇಕಿತ್ತು. ಹಾಸಿಗೆಯಲ್ಲೇ ಸತ್ತಳು. ನಮ್ಮಕ್ಕ ಅವಳಿಗೂ ನಿನ್ನ ಕಾಲಲ್ಲಿ ನೀನೇ ನಡೆದುಹೋದೆ ಅಂತಲೇ ಹಾಡಿದಳು. ಸತ್ತವರ ಹತ್ತಿರ ಜಗಳಕ್ಕೆ ಬೀಳದೆ ನಮಗೆ ಅಳಲು ಬರುವುದಿಲ್ಲ.

ಲಾಯರು ಏನೋ ಹೇಳಲು ಎದ್ದರು. ಜಡ್ಜಮ್ಮ ಕೈ ತೋರಿಸಿ ಕೂರಿಸಿದರು. ಎಸರಿನ ಪಾತ್ರೆಯನ್ನೂ ಹಿಟ್ಟಿನ ಮೊರವನ್ನೂ ಹೇಳಿದೆ. ಪಕ್ಕದಲ್ಲಿದ್ದವರು ಎಲ್ಲವನ್ನೂ ಟೈಪು ಮಾಡಿ ಓದಿ ಹೇಳಿದರು, ರೇಷನ್ ಪಟ್ಟಿ ಓದುವ ಹಾಗೆ, ರಾಗವಿಲ್ಲದೆ. ಕೆಳಗೆ ಸಹಿ ಮಾಡಿದೆ. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತೆ, ಎರಡು ಹೊಸೂರು ಬಸ್ಸು ಬಂದು ಹೋದವು, ಮೂರನೆಯದಕ್ಕೆ ಹತ್ತಿದೆ.

ತೀರ್ಪು ಇನ್ನೂ ಬಂದಿಲ್ಲ. ನಮ್ಮ ಕಡೆಯ ಲಾಯರಮ್ಮ ಆಸೆ ಹುಟ್ಟಿಸುವವರಲ್ಲ, ಅವನು ಬಿಡುಗಡೆಯಾದರೂ ಆಗಬಹುದು ಅಂತ ಮೊದಲೇ ಹೇಳಿಟ್ಟಿದ್ದಾರೆ. ಆಗಲಿ. ಆದರೆ ಊರಿಗೆ ಬಂದ ಮೇಲೆ ಅವನು ಊರಿನವನೇ, ಯಾರು ಸತ್ತರೂ ಹೆಣದ ಮುಂದೆ ಬಂದು ನಿಲ್ಲಲೇಬೇಕು. ನಾನೂ ಬರುತ್ತೇನೆ ಅಕ್ಕ. ಯಾವ ಸಾವಿಗೂ ತಪ್ಪಿಸುವುದಿಲ್ಲ. ಹಾಡುವವಳು ಮೊದಲು ತನ್ನ ಮನೆಯ ಸತ್ತವರನ್ನು ನೆನೆಯುವುದು ನಮ್ಮ ಪದ್ಧತಿ ತಾನೇ? ನಿನ್ನಿಂದಲೇ ಶುರು ಮಾಡುತ್ತೇನೆ. ಯಾರು ಹೊಡೆದರು, ಯಾರು ಎತ್ತಿ ಬಾವಿಗೆ ಹಾಕಿದರು, ಹೆಸರು ಹಿಡಿದು ಹಾಡುತ್ತೇನೆ. ಅವನು ಕೇಳುತ್ತಾ ನಿಂತಿರಬೇಕು. ಹೆಣದ ಮುಂದೆ ಹಾಡುವ ಹೆಂಗಸಿನ ಬಾಯಿ ಮುಚ್ಚಿಸಿದವರು ನಮ್ಮ ಊರಲ್ಲಿ ಇವತ್ತಿನವರೆಗೆ ಯಾರೂ ಇಲ್ಲ.

ನಿನ್ನ ರತ್ನ