ಗಿಡಕ್ಕೆ ಹಾಕಿದ ಕಂದು ನೀರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6:20

ನಾಲ್ಕು ಕುಂಡಕ್ಕೂ ನೀರು ಹಾಕಿದೆ. ಎರಡು ಟೊಮೇಟೊ, ಒಂದು ಮೆಣಸಿನ ಗಿಡ, ಒಂದು ಗುಲಾಬಿ. ಮೂಲೆಯಲ್ಲಿರುವ ಐದನೆಯದರಲ್ಲಿ ಬರೀ ಮಣ್ಣು. ಅದನ್ನು ಬಿಟ್ಟೆ.

ಇವರು ಹೋಗಿ ಮೂವತ್ತೊಂದು ದಿನ. ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದವರು, ಯಾರದೋ ಕಟ್ಟಡದ ಮೆಟ್ಟಿಲ ಮೇಲೆ ಕೂತರಂತೆ. ಏಳಲಿಲ್ಲ.

ಮಗಳು ಫೋನ್ ಮಾಡಿದ್ದಳು. 23ಕ್ಕೆ ಬರುತ್ತಾಳೆ. "ಅಮ್ಮಾ, ಅಪ್ಪನ ಟೊಮೇಟೊ ಒಂದು ಕುಂಡ ನಂಗೆ ಬೇಕು. ಬಟ್ಟೆ, ವಾಚು ಏನೂ ಬೇಡ. ಅದೊಂದು ಸಾಕು." ಆಯ್ತು ಅಂದೆ. ಗಿಡದ ವಿಷಯ ನನಗೇನು ಗೊತ್ತು? ಒಂದು ದಿನ ಮುಟ್ಟಲು ಬಿಟ್ಟವರಲ್ಲ.

ಮಾರ್ಚ್ 4. ಬೆಳಿಗ್ಗೆ

ಕುಂಡಗಳ ಹಿಂದೆ ಗೋಣಿಚೀಲದಲ್ಲಿ ಒಂದು ಗಾಜಿನ ಬಾಟಲಿ ಸಿಕ್ಕಿತು. ಉದ್ದ ಕತ್ತು, ಕೆಳಗೆ ಹೊಟ್ಟೆ, ಪಕ್ಕದಲ್ಲಿ ಸಣ್ಣ ಮೂತಿ. ಕಾಲೇಜಿನ ಲ್ಯಾಬಿನಲ್ಲಿ ನಾನು ದಿನಾ ತೊಳೆಯುವ, ಗ್ಯಾಸನ್ನು ನೀರಿನಲ್ಲಿ ಹಾಯಿಸುವ ಬಾಟಲಿಯ ದಾಯಾದಿ ಇದ್ದ ಹಾಗಿದೆ. ಅರ್ಧದಷ್ಟು ಕಂದು ನೀರು. ನಾತ ಹೊಡೆಯುತ್ತದೆ. ಗೊಬ್ಬರ ಯಾವುದು ಘಮಘಮ ಅಂದಿದೆ?

ಇದನ್ನು ಮೊದಲೂ ನೋಡಿದ್ದೇನೆ. ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡಿದರೆ ಬೆನ್ನು ಕಾಣುತ್ತಿತ್ತು, ಬಗ್ಗಿ ಇದರಿಂದ ಸುರಿಯುತ್ತಿದ್ದರು. ಏನ್ರೀ ಅದು ಅಂತ ಒಮ್ಮೆ ಕೇಳಿದ್ದೆ. "ಗಿಡಕ್ಕೆ ಕಣೇ," ಅಂದಿದ್ದರು. ಅಷ್ಟೇ.

ಹಾಗಾದರೆ ಈ ಮೂವತ್ತು ದಿನ ಗಿಡಗಳು ಉಪವಾಸ. ಎಲ್ಲಕ್ಕೂ ಒಂದೊಂದು ಲೋಟ ಹಾಕಿದೆ. ಟೊಮೇಟೊಗೆ ಸ್ವಲ್ಪ ಜಾಸ್ತಿ.

ಮಾರ್ಚ್ 7

ನೀರು ಮುಗಿಯಿತು. ಗಾಜಿನೊಳಗೆ ಕಂದು ಗಸಿ ಅಂಟಿದೆ. ಲ್ಯಾಬಿನಲ್ಲಿ ಇಂಥದ್ದು ಕಂಡರೆ ಕೈ ತುರಿಸುತ್ತದೆ, ಬ್ರಶ್ ಹಿಡಿದರೆ ಎರಡು ನಿಮಿಷದ ಕೆಲಸ. ಇದನ್ನು ಮಾತ್ರ ತೊಳೆಯಲಿಲ್ಲ. ಸಾರ ಅದರಲ್ಲೇ ಇದೆಯಲ್ಲ. ಹೊಸ ನೀರು ಹಾಕಿ, ಕುಲುಕಿ, ರಾತ್ರಿಯಿಡೀ ನೆನೆಯಲು ಬಿಡುವುದು, ಬೆಳಿಗ್ಗೆ ಗಿಡಕ್ಕೆ. 23ರ ತನಕ ಬರಬೇಕು.

ಮಾರ್ಚ್ 12, ಬುಧವಾರ

ಟೊಮೇಟೊ ಎಲೆ ಹಳದಿ. ಮೊದಲು ಕೆಳಗಿನವು, ಈಗ ನಡುವಿನವೂ. ಮೆಣಸಿನ ಗಿಡ ತಲೆ ಬಗ್ಗಿಸಿದೆ. ಮಣ್ಣಿನ ಮೇಲೆ ಬಿಳಿ ಬೂಷ್ಟು.

ನಾಲ್ಕು ಸಲ ಬಾಲ್ಕನಿಗೆ ಹೋಗಿ ಬಂದೆ. ಐದನೇ ಸಲ ಯಾಕೆ ಹೋದೆನೋ ಗೊತ್ತಿಲ್ಲ. ಕೂತರೆ ಆಗಲ್ಲ, ನಿಂತರೆ ಆಗಲ್ಲ. ಗೊಬ್ಬರ ಕಡಿಮೆಯಾಯಿತೇನೋ... ಇನ್ನೊಂದು ಲೋಟ ಹಾಕಿದೆ.

ಮಾರ್ಚ್ 13. ಮಧ್ಯಾಹ್ನ, ಶಿಫ್ಟಿನ ನಡುವೆ

ಗಾಜನ್ನು ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋದೆ. ಇದರಲ್ಲಿ ಯಾವ ಗೊಬ್ಬರ ಮಾಡುತ್ತಾರೆ, ಎಲ್ಲಿ ಸಿಗುತ್ತದೆ ಅಂತ ಕೇಳೋಣ ಅಂತ. ಸ್ಟೋರ್ ನೋಡಿಕೊಳ್ಳುವ ಸ್ಟೋರಮ್ಮನಿಗೆ ತಿಳಿಯದ ಗಾಜಿಲ್ಲ. ಮೇಜಿನ ಮೇಲಿಟ್ಟೆ.

ನೋಡಿದಳು. ಮೂಸಿದಳು. ಕನ್ನಡಕ ತೆಗೆದು ಇನ್ನೊಮ್ಮೆ ಮೂಸಿದಳು.

"ಎಲ್ಲಿತ್ತೇ ಇದು?"

"ನಮ್ಮ ಮನೇಲಿ. ಇವರು ಗಿಡಕ್ಕೆ..."

"ಗಿಡಕ್ಕಲ್ಲ ಕಣೇ ಮಾರಾಯ್ತಿ, ಗಿಡದ್ದು! ಇದು ಬಾಂಗು. ಗಾಂಜಾ ಸೇದೋದು. ಹೊಗೆ ನೀರೊಳಗೆ ಹಾದು ಬರುತ್ತೆ." ನಗು ಶುರುವಾಯಿತು, ಮೇಜು ಹಿಡಿದುಕೊಂಡಳು. "ನಿನ್ನ ಗಂಡ ಲಿಫ್ಟಲ್ಲಿ ಜನರನ್ನ ಮೇಲೆ ಕಳಿಸ್ತಿದ್ದನೋ, ತಾನೇ ಹೋಗ್ತಿದ್ದನೋ?"

ಆಮೇಲೆ ನನ್ನ ಮುಖ ನೋಡಿದಳು. ಸತ್ತವರ ಮಾತು ಅಂತ ಆಗ ನೆನಪಾಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡಳು. "ತಪ್ಪಾಯ್ತು ಕಣೇ."

ತಪ್ಪೇನಿಲ್ಲ. ನನಗೂ ನಗು ಬರಬೇಕಿತ್ತು. ಬರಲಿಲ್ಲ.

ಮಾರ್ಚ್ 14. ಬೆಳಿಗ್ಗೆ

ಮಧ್ಯಾಹ್ನ ಒಂದಕ್ಕೆ ಹೋದರೆ ಎಂಟಕ್ಕೆ ನಾನು ಮನೆಗೆ. ಇವರು ಐದಕ್ಕೇ ಬರುತ್ತಿದ್ದರು. ದಿನಾ ಮೂರು ಗಂಟೆ. ವರ್ಷಕ್ಕೆ ಎಷ್ಟಾಯಿತು? ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಮನೆಯಲ್ಲಿನ ವಾಸನೆ ಸಿಗರೇಟಿನದು ಅಂದುಕೊಂಡಿದ್ದೆ. ಸಿಗರೇಟಿಗೇ ಬೈಯುತ್ತಿದ್ದೆ.

ಮಗಳಿಗೆ ಗೊತ್ತೇ? ಗೊತ್ತಿರಲಿಕ್ಕಿಲ್ಲ. "ಅಪ್ಪ ಒಂದು ಸುಳ್ಳು ಹೇಳಿದವರಲ್ಲ" ಅಂತ ಮೊನ್ನೆ ತಾನೇ ಫೋನಿನಲ್ಲಿ ಅತ್ತಳು.

ಅವರ ಸುಳ್ಳನ್ನು ಲೋಟಗಟ್ಟಲೆ ಗಿಡಕ್ಕೆ ಹಾಕಿದವಳು ನಾನು.

ಅದೇ ದಿನ, ಮಧ್ಯಾಹ್ನ 12:40

ಶಿಫ್ಟಿಗೆ ಮುಂಚೆ ಕಾಲೇಜಿನ ತೋಟಕ್ಕೆ ಹೋದೆ. ಮಾಲಿಗೆ ಎಲ್ಲಾ ಹೇಳಿದೆ. ಯಾರದೋ ಮನೆಯದು ಅಂತ.

"ಆ ನೀರು ವಿಷವಾ?"

"ಒಂದು ಸಲ ಒಂದು ಗುಟುಕು ಬಿದ್ರೆ ಗಿಡ ಸಾಯಲ್ಲ ಬಿಡಮ್ಮ. ದಿನಾ ಹಾಕಿದ್ರೆ? ಬೂದಿ, ಹೊಗೆಯ ಜಿಡ್ಡು, ನಿಂತು ಕೊಳೆತ ನೀರಿನ ಬೂಷ್ಟು. ಬೇರೂ ಉಸಿರಾಡಬೇಕಲ್ಲ?"

"ಗೊಬ್ಬರ ಅಂತಾರಂತಲ್ಲ ಕೆಲವರು."

"ಅಂತಾರೆ. ಬಚ್ಚಲ ತನಕ ನಡೆಯೋಕೆ ಸೋಮಾರಿತನ ಇರೋರು ಅಂತಾರೆ." ಎಲೆ ಅಡಿಕೆ ಇಲ್ಲದಿದ್ದರೂ ಏನೋ ಅಗಿಯುತ್ತಲೇ ಇದ್ದ. "ತಂಬಾಕು ಬೆರೆಸ್ತಿದ್ರಾ?"

"ಗೊತ್ತಿಲ್ಲ."

"ಬೆರೆಸಿದ್ರೆ ಇನ್ನೂ ಕೆಟ್ಟದ್ದು. ತಂಬಾಕಿನ ರೋಗ ಟೊಮೇಟೊಗೆ ಅಂಟುತ್ತೆ. ಸೇದೋರು ಟೊಮೇಟೊ ಗಿಡ ಮುಟ್ಟೋ ಮೊದಲು ಸೋಪು ಹಾಕಿ ಕೈ ತೊಳೀಬೇಕು. ತಿಳಿದೋರು ತೊಳೀತಾರೆ."

ಇವರು ತೊಳೆಯುತ್ತಿದ್ದರು. ಪ್ರತಿ ಬೆಳಿಗ್ಗೆ ಮೊಣಕೈ ತನಕ ಸೋಪು. ಊಟಕ್ಕೆ ಮೊದಲು ತೊಳೆಯದ ಕೈಯನ್ನು ಗಿಡಕ್ಕೆ ತೊಳೀತಾರೆ ಅಂತ ನಾನು ಆಡಿಕೊಳ್ಳುತ್ತಿದ್ದೆ.

ಉಪಾಯ ಹೇಳಿದ: ಮಣ್ಣು ಕೊಡವಿ, ಬೇರು ತೊಳೆದು, ಹೊಸ ಮಣ್ಣಿಗೆ. ಕಪ್ಪಾದ ಬೇರು ಕತ್ತರಿಸು. ಇರೋ ಕಾಯಿ ತಿನ್ನಬೇಡ. "ಮಿಕ್ಕಿದ್ದು ಗಿಡದ ಮನಸ್ಸು."

ಮಾರ್ಚ್ 15, ಶನಿವಾರ. ಬೆಳಿಗ್ಗೆ 7

ಒಂದು ವಿಷಯ ತಲೆ ಕೊರೆಯುತ್ತಿತ್ತು. ಕೈ ತೊಳೆಯುವಷ್ಟು ತಿಳಿದವರು ಈ ನೀರನ್ನು ಗಿಡಕ್ಕೆ ಹೇಗೆ ಹಾಕುತ್ತಿದ್ದರು?

ಅಡುಗೆಮನೆ ಕಿಟಕಿಯ ಹತ್ತಿರ ನಿಂತು ನೋಡಿದೆ. ಅವರ ಬೆನ್ನು ಇರುತ್ತಿದ್ದುದು ಎಡಕ್ಕೆ. ಮೂಲೆಗೆ. ಬಾಲ್ಕನಿಗೆ ಹೋಗಿ ಅದೇ ಜಾಗದಲ್ಲಿ ಬಗ್ಗಿದೆ. ಮುಂದಿರುವುದು ಐದನೇ ಕುಂಡ. ಬರೀ ಮಣ್ಣಿನದು. ಕೆದಕಿದೆ. ಅದೇ ನಾತ, ಅಡಿ ತನಕ. ಒಂದು ಹುಲ್ಲು ಕೂಡ ಹುಟ್ಟಿಲ್ಲ.

ಅಲ್ಲಿ ಸುರಿಯುತ್ತಿದ್ದರು. ಬಚ್ಚಲಲ್ಲಿ ಸುರಿದರೆ ನನ್ನ ಮೂಗಿಗೆ ಬಡಿಯುತ್ತಿತ್ತು. ನನ್ನಿಂದ ಮುಚ್ಚಿಟ್ಟರು. ಗಿಡವನ್ನು ಮಾತ್ರ ಕಾಪಾಡಿಕೊಂಡರು.

ಸಿಟ್ಟು ಬಂತು, ಬರಲಿ. ಕೂತು ಅಳುವ ಹೊತ್ತಲ್ಲ. ನಾಲ್ಕೂ ಕುಂಡ ಬೋರಲು ಹಾಕಿದೆ. ಮೆಣಸಿನ ಗಿಡದ ಬೇರು ಕೈಯಲ್ಲೇ ಕರಗಿತು. ಗುಲಾಬಿ ಗಟ್ಟಿ ಜೀವ. ಟೊಮೇಟೊ ಒಂದು ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ನಾಲ್ಕೈದು ಬಿಳಿ ಬೇರು. ಸಾಕೇ? ಅದನ್ನೂ ಗುಲಾಬಿಯನ್ನೂ ತೊಳೆದು ಹೊಸ ಮಣ್ಣಿಗೆ ನೆಟ್ಟೆ.

ಆ ಗಾಜನ್ನೂ ತೊಳೆದೆ. ಉಪ್ಪು, ಸ್ಪಿರಿಟ್ಟು, ಬ್ರಶ್. ಮೂರು ನೀರು. ಲ್ಯಾಬಿನಲ್ಲೂ ಇಷ್ಟು ಚೆನ್ನಾಗಿ ತೊಳೆದಿಲ್ಲ. ಎಸೆಯಲು ಹೋಗಿ ವಾಪಸ್ ತಂದೆ.

ಮಾರ್ಚ್ 19

ಏನೂ ಇಲ್ಲ. ಎರಡು ಎಲೆ ಉದುರಿತು. ಕೆಲಸದಲ್ಲಿ ಒಂದು ಬೀಕರ್ ಒಡೆದೆ — ಹದಿನಾಲ್ಕು ವರ್ಷದಲ್ಲಿ ಮೊದಲನೆಯದು. ಸ್ಟೋರಮ್ಮ ಬರೆದುಕೊಳ್ಳಲೇ ಇಲ್ಲ. "ಅದು ಮೊದಲೇ ಬಿರುಕು ಬಿಟ್ಟಿತ್ತು," ಅಂದಳು. ಬಿಟ್ಟಿರಲಿಲ್ಲ.

ಮಾರ್ಚ್ 22. ಬೆಳಿಗ್ಗೆ 6:05

ಉಳಿದ ಟೊಮೇಟೊ ಕಾಂಡದ ಕಂಕುಳಲ್ಲಿ ಹಸಿರು. ಉಗುರಿನಷ್ಟು. ಹೌದೋ ಅಲ್ಲವೋ ಅಂತ ನೋಡಲು ಭೂತಗನ್ನಡಿ ಬೇಕಿತ್ತು. ಹೌದು. ಚಿಗುರೇ.

ಇದೇ ಗಿಡದಲ್ಲಿ ಒಂದು ಕಾಯಿ ಹಣ್ಣಾಗಿದೆ. ಕೀಳಬೇಕಿತ್ತು. ಮರೆತೆ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 10:30

ಮಗಳು ಬಂದಳು. ಚಪ್ಪಲಿ ಬಿಟ್ಟವಳು ನೇರ ಬಾಲ್ಕನಿಗೆ. "ಎಲ್ಲಮ್ಮಾ ಮಿಕ್ಕಿದ್ದು?" ಅಂದಳು. ಉತ್ತರ ಕೊಡುವಷ್ಟರಲ್ಲಿ ಆ ಹಣ್ಣು ಕಿತ್ತಾಗಿತ್ತು. ಸೆರಗಿಗೆ ಒರೆಸಿ ಬಾಯಿಗೆ...

"ಬೇಡ!" ಅಂತ ಕೂಗಿದೆ. ಕೈಯಿಂದ ಕಿತ್ತುಕೊಂಡೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಯಾಕಮ್ಮಾ? ಅಪ್ಪನ ಗಿಡದ ಕೊನೇ ಹಣ್ಣು. ಒಂದು ಹಣ್ಣು ತಿಂದ್ರೆ ಏನಾಗುತ್ತೆ ನಿಂಗೆ?"

ಹುಳ ಇದೆ ಅನ್ನಬಹುದಿತ್ತು. ಔಷಧಿ ಹೊಡೆದಿದ್ದೀನಿ ಅನ್ನಬಹುದಿತ್ತು. "ಗಿಡಕ್ಕೆ ಕಣೇ" ಅಂತ ಇವರು ಅಂದಷ್ಟೇ ಸುಲಭ. ಬಾಯಿ ತನಕ ಬಂತು, ನುಂಗಿದೆ. ಕೈ ತೊಳ್ಕೊಂಡು ಬಾ, ಹೇಳ್ತೀನಿ ಅಂತ ಕಳಿಸಿ ಇದನ್ನು ಬರೆಯುತ್ತಿದ್ದೇನೆ. ಎಲ್ಲಿಂದ ಶುರು ಮಾಡುವುದು ಅಂತ.

"ನಿಮ್ಮಪ್ಪ ಆ ನೀರನ್ನ ಯಾವತ್ತೂ ಗಿಡಕ್ಕೆ ಹಾಕಿರಲಿಲ್ಲ" — ಇಲ್ಲಿಂದ ಅಂದರೆ ಬೈದ ಹಾಗಿರಲ್ಲ, ಮುಚ್ಚಿದ ಹಾಗೂ ಇರಲ್ಲ. ಯಾವ ನೀರು ಅಂತ ಕೇಳುತ್ತಾಳೆ. ಆಗ

ನಲ್ಲಿ ನಿಂತಿತು. ಬರ್ತಿದ್ದಾ