ಸೊಗಸಾದ ಬರವಣಿಗೆ ನೋಡಿ ಆರಿಸಿದ್ದು

ಜೂನ್ ೬, ಗುರುವಾರ

ಅಕ್ಕನ ಇಡೀ ಬೇಸಿಗೆಯ ಕೆಲಸ ನನ್ನಿಂದ ಹಾಳಾಯಿತು. ಸರ್ಕ್ಯೂಟ್ ಬೋರ್ಡಿನ ನಕ್ಷೆ ಬಿಡಿಸಲು ಉಚಿತ ಸಾಫ್ಟ್‌ವೇರ್ ಹುಡುಕಿಕೊಡು ಎಂದು ಅವಳು ಕೇಳಿದಾಗ ಸಿಕ್ಕಿದ್ದು ಎರಡು. ಸಹಾಯದ ಪುಟಗಳನ್ನು ಸೊಗಸಾಗಿ ಬರೆದಿದ್ದರೆಂದು ಒಂದನ್ನು ಆರಿಸಿದೆ. ಬೋರ್ಡ್ ಅಂಗೈಗಿಂತ ದೊಡ್ಡದಾದರೆ ಉಚಿತವಲ್ಲ ಎಂಬ ಸಾಲನ್ನು ಓದಲೇ ಇಲ್ಲ. ಅವಳ ರೇಡಿಯೊ ಬೋರ್ಡ್ ತಟ್ಟೆಯಷ್ಟಿದೆ. ನಾಳೆ ಬೋರ್ಡ್ ತಯಾರಿಸುವ ಕಾರ್ಖಾನೆಗೆ ಕಳಿಸಬೇಕಿದ್ದ ಫೈಲನ್ನು ಹಣ ಕಟ್ಟದೆ ಸಾಫ್ಟ್‌ವೇರ್ ಕೊಡಲೇ ಇಲ್ಲ.

“ಬರವಣಿಗೆ ಚೆನ್ನಾಗಿದೆ ಅಂತ ಆರಿಸಿದ್ಯಾ? ಇದೇನು ಕಾದಂಬರಿನಾ ತಾಯಿ?” ಎಂದಳು ಅಕ್ಕ.

ಅಂದು ಬಿಟ್ಟಿದ್ದ ಎರಡನೇ ಸಾಫ್ಟ್‌ವೇರನ್ನು ಹುಡುಕಿ ತೆರೆದೆ.

“ಇನ್ನೊಂದರ ಬರವಣಿಗೆ ಹೇಗಿದೆ?”

“ಓದೋಕೇ ಆಗಲ್ಲ.”

“ಹಾಗಾದ್ರೆ ಅದೇ ಸರಿ,” ಎಂದು ನಕ್ಕಳು.

ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಈಗ ಆ ಇನ್ನೊಂದರಲ್ಲಿ ಎಲ್ಲವನ್ನೂ ಮೊದಲ ಗೆರೆಯಿಂದ ಎಳೆಯುತ್ತಿದ್ದಾಳೆ. ಹೋಗಿ ಜೊತೆಗೆ ಕೂರಬೇಕು, ಆದರೆ ಯಾವ ಮುಖ ಇಟ್ಟುಕೊಂಡು ಹೋಗಲಿ?