ದೊರೆಗೊಂದು ಕೋಣೆ

ಭಾನುವಾರ, ಜೂನ್ ೧೫

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ನಿನ್ನ ಕಾಗದಗಳಿಗೆಲ್ಲ ಸೇರಿಸಿ ಒಂದೇ ಉತ್ತರ ಬರೀತಿದ್ದೀನಿ, ಬೈಬೇಡ. ‘ಸೂಜಿ ಬದುಕಿದ್ದಾಳೋ ಇಲ್ಲವೋ’ ಅಂತ ಕೇಳಿದ್ದೆಯಲ್ಲ, ಬದುಕಿದ್ದೀನಿ ಕಣೇ. ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದೆ, ಅಷ್ಟೇ. ಎಲ್ಲಿಂದ ಬಿದ್ದೆ ಅಂತೀಯ? ಏಣಿಯಿಂದಲ್ಲ, ಮೆಟ್ಟಿಲಿಂದಲ್ಲ. ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲಿನಿಂದ! ಆಯಸ್ಸೆಲ್ಲ ಕೂತ ಜಾಗವೇ ಕೈಕೊಟ್ಟಿತು.

ಆಪರೇಷನ್ ಆಯಿತು, ಒಳಗೆ ಪ್ಲೇಟು ಕೂರಿಸಿದರು. ನೋವು ಹೇಗೋ ತಡೆದುಕೊಂಡೆ. ತಡೆಯಲಾಗದ್ದು ನಮ್ಮ ದೊರೆಯ ಯೋಚನೆ. ನಿನಗೆ ಗೊತ್ತಲ್ಲ, ನನ್ನ ತಮ್ಮನಿಗೆ ಐವತ್ತು ದಾಟಿದರೂ ಬುದ್ಧಿ ನಿಧಾನ. ಅಮ್ಮ ಹೋದಮೇಲೆ ಅವನ ಕೈಯೂ ನಾನೇ, ಬಾಯಿಯೂ ನಾನೇ. ಪಕ್ಕದ ಕ್ಷೌರದಂಗಡಿಯವರು ‘ನಮ್ಮಲ್ಲೇ ಉಂಡು ಮಲಗಲಿ ಬಿಡಿ’ ಅಂತ ಕರೆದುಕೊಂಡು ಹೋಗಿದ್ದರು. ಒಂದು ಮಧ್ಯಾಹ್ನ ಕಣ್ಣು ಬಿಟ್ಟು ನೋಡಿದರೆ ಆಸಾಮಿ ವಾರ್ಡಿನ ಬಾಗಿಲಲ್ಲಿ ನಿಂತಿದ್ದಾನೆ! ಶರ್ಟಿನ ಗುಂಡಿ ಒಂದು ಮೇಲೆ, ಒಂದು ಕೆಳಗೆ.

“ಯಾರ ಜೊತೆ ಬಂದ್ಯೋ?”

“ಬಸ್ಸಿನ ಜೊತೆ.”

ಪಕ್ಕದ ಹಾಸಿಗೆಯ ಅಜ್ಜಿ ಹೊಲಿಗೆ ಬಿಚ್ಚಿಹೋಗೋ ಹಾಗೆ ನಕ್ಕರು. ನಾನು ಮಾತ್ರ ಅವನ ಕೈ ಹಿಡಿದೆಳೆದು ಎಲ್ಲಾದರೂ ಪೆಟ್ಟಾಗಿದೆಯಾ ಅಂತ ನೋಡಿದೆ. ಅವನು ಒಬ್ಬನೇ ಬಸ್ಸು ಹತ್ತಿದ್ದು ಅದೇ ಮೊದಲು.

ಮನೆಗೆ ಕಳಿಸುವ ದಿನ ಹತ್ತಿರ ಬಂತು. ಡಾಕ್ಟರು ಹಾಸಿಗೆ ಪಕ್ಕ ಕೂತು, “ನೋಡಿಮ್ಮ, ನಿಮ್ಮನ್ನೇ ಒಬ್ಬರು ನೋಡ್ಕೋಬೇಕು. ಅಂಥದ್ದರಲ್ಲಿ ತಮ್ಮನ್ನ ಹೇಗೆ ನೋಡ್ಕೋತೀರಿ? ಇಂಥವರಿಗೆ ಅಂತಲೇ ಒಂದು ಒಳ್ಳೆ ಜಾಗ ಇದೆ, ಸೇರಿಸೋಣ” ಅಂದರು. ಅವರು ಹೇಳಿದ್ದು ನನ್ನ ಒಳ್ಳೇದಕ್ಕೇ. ಆದರೆ ದೊರೆ ಮಂಚದ ಕಂಬಿ ಹಿಡಿದುಕೊಂಡು ನಿಂತುಬಿಟ್ಟ. ಹೊತ್ತಾಯಿತು ಅಂತ ನರ್ಸ್ ಎಷ್ಟು ಹೇಳಿದರೂ ಬಿಡಲಿಲ್ಲ.

ಆಗ ಬಂದಳು ನೋಡು ಒಬ್ಬಳು. ಆಸ್ಪತ್ರೆಯಿಂದ ಮನೆಗೆ ಹೋಗುವವರು ತಮ್ಮ ಕಾಲ ಮೇಲೆ ನಿಲ್ಲುವ ತನಕ ಬಂದುಹೋಗಿ ನೋಡಿಕೊಳ್ಳುವುದೇ ಅವಳ ಕೆಲಸವಂತೆ. ಎತ್ತರದ ಆಳು, ಅದಕ್ಕೂ ಎತ್ತರದ ದನಿ. ದೊರೆ ಅವಳಿಗೆ ‘ಗಟ್ಟಿಯಮ್ಮ’ ಅಂತಲೇ ಹೆಸರಿಟ್ಟ. ಅವಳು ನನ್ನನ್ನು ಬಿಟ್ಟು ಅವನ ಕಡೆ ತಿರುಗಿ, “ನಿಮ್ಮಕ್ಕ ಮನೆಗೆ ಬಂದರೆ ನೀವೇನು ಮಾಡ್ತೀರಿ?” ಅಂದಳು.

ನಾನು ಬಾಯಿ ತೆಗೆದೆ. “ನೀವಲ್ಲಮ್ಮ, ಅವರು ಹೇಳಲಿ” ಅಂತ ತಡೆದಳು.

ಅವನಿಗೆ ‘ನೀವು’ ಅಂದವರೇ ಇಲ್ಲ ನೋಡು! ಯಾರನ್ನು ಕೇಳ್ತಿದ್ದಾಳೆ ಅಂತ ಹಿಂದೆ ತಿರುಗಿ ನೋಡಿದ. ಆಮೇಲೆ, “ಚಹಾ ಮಾಡ್ತೀನಿ. ಬಿಸಿ ಇದ್ದರೆ ಊದಿ ಕೊಡ್ತೀನಿ” ಅಂದ.

“ಸಾಕು, ಅಲ್ಲಿಂದ ಶುರು ಮಾಡೋಣ” ಅಂದಳು ಗಟ್ಟಿಯಮ್ಮ. ಡಾಕ್ಟರ ಹತ್ತಿರ ಹೋಗಿ ಅದೇನು ವಾದ ಮಾಡಿದಳೋ, ಒಂದು ತಿಂಗಳು ನೋಡೋಣ ಅಂತ ಒಪ್ಪಿಸಿಕೊಂಡು ಬಂದಳು.

ಮನೆಗೆ ಬಂದವಳೇ ಚಾಪೆಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿಸಿದಳು. ಮಂಚದ ಕಾಲಿನ ಕೆಳಗೆ ಮರದ ದಿಮ್ಮಿ ಇಡಿಸಿ ಎತ್ತರ ಮಾಡಿಸಿದಳು, ಬಚ್ಚಲ ಗೋಡೆಗೆ ಹಿಡಿ ಹಾಕಿಸಿದಳು. ದೊರೆಗೆ ಒಲೆ ಹಚ್ಚಿ ಆರಿಸುವುದನ್ನು ಕೈಹಿಡಿದು ಕಲಿಸಿದಳು. ನಾನು ಕೂತಲ್ಲಿಂದಲೇ ‘ಅಯ್ಯೋ, ಜೋಪಾನ’ ಅಂದಾಗಲೆಲ್ಲ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು. ಮೊದಲ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಬಿದ್ದಿತ್ತು. ನಾನು ಕುಡಿದೆ. ಅವಳೂ ಕುಡಿದಳು. ದೊರೆ ಒಂದು ಗುಟುಕು ಕುಡಿದು, “ಥೂ, ಇದನ್ನ ಯಾರು ಕುಡೀತಾರೆ!” ಅಂತ ಚೆಲ್ಲಿಬಂದ.

ತಿಂಗಳು ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಮತ್ತೆ ಜಾರಿದೆ. ಮುಗಿಯಿತು ನಮ್ಮ ಕಥೆ, ಇನ್ನು ಅವನು ಡಾಕ್ಟರು ಹೇಳಿದ ಜಾಗಕ್ಕೆ, ನಾನು ಇನ್ನೆಲ್ಲಿಗೋ ಅಂತ ನೆಲದ ಮೇಲೇ ಅತ್ತುಬಿಟ್ಟೆ. ಅವನು ಬಂದು ನೋಡಿದ. ನನ್ನನ್ನು ಎತ್ತಲು ಹೋಗಲಿಲ್ಲ. ಬಿದ್ದವರನ್ನು ಎಳೆಯಬಾರದು ಅಂತ ಗಟ್ಟಿಯಮ್ಮ ಹೇಳಿಕೊಟ್ಟಿದ್ದಳಂತೆ. ತಲೆ ಕೆಳಗೆ ದಿಂಬು ಕೊಟ್ಟ, ಕಂಬಳಿ ಹೊದಿಸಿದ. “ಅಲ್ಲಾಡಬೇಡ ಅಕ್ಕ, ಬಂದೆ” ಅಂತ ಓಡಿದ. ಬರುವಾಗ ಕ್ಷೌರದಂಗಡಿಯವರ ಜೊತೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯನ್ನೂ ಎಳೆದು ತಂದಿದ್ದ. ಆ ಮನುಷ್ಯ ಮುಖದ ತುಂಬಾ ಸೋಪಿನ ನೊರೆ ಇಟ್ಟುಕೊಂಡೇ ನನ್ನ ಕಾಲ ಕಡೆ ಹಿಡಿದ, ಪುಣ್ಯಾತ್ಮ! ಮೂಳೆಗೆ ಏನೂ ಆಗಿರಲಿಲ್ಲ. ವಿಷಯ ಕೇಳಿ ಡಾಕ್ಟರು ದೊರೆಯ ಕೈ ಕುಲುಕಿದರು. ಆ ‘ಒಳ್ಳೆ ಜಾಗ’ದ ಮಾತು ಮತ್ತೆ ಎತ್ತಲಿಲ್ಲ.

ಈಗ ದೊಡ್ಡ ಸುದ್ದಿ ಕೇಳು. ಅಂಗಳದ ಆಚೆ ಬಾಡಿಗೆಗೆ ಕೊಟ್ಟಿದ್ದ ಕೋಣೆ ಖಾಲಿಯಾಯಿತು. ಊಟಕ್ಕೆ ಕೂತಾಗ ದೊರೆ, “ಅಕ್ಕ, ಅದು ನನಗೆ ಬೇಕು” ಅಂದ.

“ಯಾಕೋ? ಇಲ್ಲಿ ನಿನಗೇನು ಕಡಿಮೆಯಾಗಿದೆ?”

“ಏನೂ ಇಲ್ಲ. ನನಗೂ ಒಂದು ಬೀಗ ಬೇಕು.”

ನಾನು ರೇಗಿದೆ, ಗೋಗರೆದೆ, ಒಂದು ಹೊತ್ತು ಮಾತೂ ಬಿಟ್ಟೆ. ಅವನದು ಹಿಡಿದದ್ದೇ ಹಟ. ಗಟ್ಟಿಯಮ್ಮ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡರೆ, “ಕೂಗಿದರೆ ಕೇಳಿಸುವಷ್ಟು ದೂರ ಅಲ್ವೇನಮ್ಮ?” ಅಂದುಬಿಟ್ಟಳು. ಹೋದ ವಾರ ಹಾಸಿಗೆ, ರೇಡಿಯೋ, ಒಂದು ಕುರ್ಚಿ ಹೊತ್ತುಕೊಂಡು ಹೋದ. ನಾನು ಕಿಟಕಿಗೊಂದು ಪರದೆ ಹೊಲಿದುಕೊಟ್ಟೆ. ಬಣ್ಣ ಅವನೇ ಆರಿಸಿದ್ದು, ಕಣ್ಣು ಕುಕ್ಕುವ ಕಿತ್ತಳೆ!

ಬೆಳಿಗ್ಗೆ ಬಂದು ಚಹಾ ಮಾಡಿಕೊಡುತ್ತಾನೆ, ಸಕ್ಕರೆ ಹಾಕಿ. ಆಮೇಲೆ ಕ್ಷೌರದಂಗಡಿಗೆ ಹೋಗಿ ಟವೆಲ್ ಮಡಿಸುತ್ತಾನೆ. ಅಲ್ಲಿ ಎಲ್ಲರೂ ಅವನಿಗೆ ‘ದೊರೆಗಳೇ’ ಅನ್ನುತ್ತಾರಂತೆ. ನಾನು ಕೋಲು ಹಿಡಿದು ಬೀದಿ ತುದಿಯ ತನಕ ಹೋಗಿಬರುತ್ತೀನಿ. ಗಟ್ಟಿಯಮ್ಮ ಇನ್ನು ಬರಬೇಕಾಗಿಲ್ಲ, ಆದರೂ ಈ ಕಡೆ ಬಂದಾಗ ಇಣುಕುತ್ತಾಳೆ. ಹೊಟ್ಟೆ ತುಂಬಾ ಊಟ, ಕಣ್ಣು ತುಂಬಾ ನಿದ್ದೆ. ಇನ್ನೇನು ಬೇಕು ಹೇಳು?

ಮೊಮ್ಮಕ್ಕಳಿಗೆ ಈ ಅಜ್ಜಿಯ ಮುತ್ತು ಕೊಡು. ನಿನ್ನ ಸೊಸೆಗೆ ಸುಸೂತ್ರವಾಗಿ ಹೆರಿಗೆಯಾಗಲಿ. ನೀನು ನೂರು ಕಾಲ ನನ್ನನ್ನು ಬೈಯುತ್ತಾ ಬಾಳು.

ನಿನ್ನ
ಸೂಜಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ನಿನ್ನ ಅಣ್ಣ ನನ್ನನ್ನು ಮದುವೆಯಾಗುತ್ತೀಯಾ ಅಂತ ಎರಡು ಸಲ ಕೇಳಿದ್ದರು, ನಿನಗೂ ಗೊತ್ತು. ಎರಡು ಸಲವೂ ನಾನು, ‘ನನ್ನ ತಮ್ಮ ನಾನಿಲ್ಲದೆ ಒಂದು ರಾತ್ರಿಯೂ ಇರಲಾರ’ ಅಂದಿದ್ದೆ. ನೆಪಕ್ಕೆ ಹೇಳಿದ್ದಲ್ಲ ಗುಬ್ಬಿ, ಹಾಗಂತ ನಂಬಿದ್ದೆ. ಕೋಣೆಗೆ ಹೋದ ಮರುದಿನ ಬೆಳಿಗ್ಗೆ, “ಒಬ್ಬನೇ ಭಯ ಆಯ್ತೇನೋ?” ಅಂತ ಕೇಳಿದೆ. “ಇಲ್ಲಕ್ಕ, ಚೆನ್ನಾಗಿ ನಿದ್ದೆ ಬಂತು. ನಿನಗೆ?” ಅಂದ. ನಿನ್ನ ಅಣ್ಣ ಸಿಕ್ಕಿದರೆ ಸೂಜಿ ಆರಾಮಾಗಿದ್ದಾಳೆ ಅಂತ ಹೇಳು. ತಮ್ಮ ಬೇರೆ ಕೋಣೆ ಮಾಡಿದ್ದು ಮಾತ್ರ ಹೇಳಬೇಡ.